ಅತ್ತೆಯ ರಂಗೋಲಿ, ಒಪ್ಪಿಗೆಯ ಸಹಿ

(ಜಯನಗರದಲ್ಲಿ ಹಿರಿಯ ನಾಗರಿಕರ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಅವತ್ತು ಹೇಳಲು ಮರೆತದ್ದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ಒಳಗೆ ಬರುವಾಗ ಇಬ್ಬರು ತಮ್ಮ ರಿಪೋರ್ಟ್ ಫೈಲ್ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಹೈಸ್ಕೂಲಿನಲ್ಲಿ 31 ವರ್ಷ ಕನ್ನಡ ಪಾಠ ಮಾಡಿದವಳು. ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ, ದಿನದ ಕೆಲಸ ಮಾಡುವ ಶಕ್ತಿ ಕ್ರಮೇಣ ಕುಂದುವ ಮೆದುಳಿನ ಕಾಯಿಲೆ ಇದ್ದ ಅತ್ತೆಯನ್ನು ಮನೆಯಲ್ಲಿ ನೋಡಿಕೊಂಡವಳು. ರಿಟೈರ್ ಆದ ಮೇಲೆ ಒಂದು ಎಥಿಕ್ಸ್ ಕಮಿಟಿಯಲ್ಲಿ ಕೂರುತ್ತಿದ್ದೇನೆ. ಅದೇನು ಅಂತ ಆಮೇಲೆ ಹೇಳುತ್ತೇನೆ.

ಮೊದಲು ರಂಗೋಲಿ ವಿಷಯ.

ನಮ್ಮ ಅತ್ತೆ ಚುಕ್ಕಿ ರಂಗೋಲಿಯಲ್ಲಿ ಎತ್ತಿದ ಕೈ. ಬಸವನಗುಡಿಯ ನಮ್ಮ ಹಳೇ ಮನೆ ಮುಂದೆ ಧನುರ್ಮಾಸ ಪೂರ್ತಿ ದಿನಕ್ಕೊಂದು ಎಳೆ ರಂಗೋಲಿ ಬೀಳುತ್ತಿತ್ತು. 15 ಚುಕ್ಕಿ ಇಟ್ಟು ಶುರು ಮಾಡಿದರೆ ಎಳೆ ಎಲ್ಲೂ ತುಂಡಾಗದೆ ಸುತ್ತಿ ಬಳಸಿ ಹೊರಟ ಜಾಗಕ್ಕೇ ಬಂದು ಸೇರಬೇಕು. ಪುಸ್ತಕ ನೋಡುತ್ತಿರಲಿಲ್ಲ. 2008ರ ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಹಾಲು ತರಲು ಹೊರಟೆ. ಅತ್ತೆ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಚುಕ್ಕಿ ಎಲ್ಲ ಸರಿಯಾಗಿ ಬಿದ್ದಿದ್ದವು. ಎಳೆ ಅರ್ಧಕ್ಕೆ ನಿಂತಿತ್ತು. ಬೆರಳ ಸಂದಿಯಿಂದ ಪುಡಿ ಒಂದೇ ಕಡೆ ಸುಮ್ನೆ ಸುರಿಯುತ್ತಿತ್ತು. "ಎಲ್ಲಿಗೆ ಹೋಗ್ಬೇಕೇ ಇದು?" ಅಂದರು.

ನಾನು ಏನು ಮಾಡಿದೆ ಗೊತ್ತಾ? ಪಕ್ಕದ ಮನೆಯವರು ಬಾಗಿಲು ತೆಗೆಯುವ ಮೊದಲು ಅವರ ಕೈಯಿಂದ ಪುಡಿ ತಗೊಂಡು ನಾನೇ ಎಳೆ ಎಳೆದು ಮುಗಿಸಿದೆ. ಮಾರನೇ ದಿನವೂ ಹಾಗೇ ಮಾಡಿದೆ. ಹೀಗೆ ಎರಡು ವರ್ಷ ಅವರ ರಂಗೋಲಿಯನ್ನು ನಾನು ಪೂರ್ತಿ ಮಾಡಿದೆ. ಬೀದಿಯವರೆಲ್ಲ ಅತ್ತೆಯದ್ದು ಅಂದುಕೊಂಡರು. ಅತ್ತೆಗೂ ಹಾಗೇ ಅನಿಸಿತೋ ಏನೋ.

ಅದು ಪ್ರೀತಿಯೇ. ಇಲ್ಲ ಅನ್ನುವುದಿಲ್ಲ. ಆದರೆ ಅವರ ಕಾಯಿಲೆಯನ್ನು ಡಾಕ್ಟರ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟದ್ದು ಕೂಡ ಅದೇ ಪ್ರೀತಿ. ನಮ್ಮ ಮನೆಗಳಲ್ಲಿ ಇದು ಬಹಳ ಸಲೀಸು. ಮಗ ಬ್ಯಾಂಕಿನ ಕೆಲಸ ವಹಿಸಿಕೊಳ್ಳುತ್ತಾನೆ. ಸೊಸೆ ಒಲೆ ನೋಡಿಕೊಳ್ಳುತ್ತಾಳೆ. ಮೊಮ್ಮಗ ಮಾತ್ರೆ ಎಣಿಸಿ ಕೊಡುತ್ತಾನೆ. ದೊಡ್ಡವರು ಏನನ್ನೂ ತಾವೇ ಮಾಡಬೇಕಾಗಿಲ್ಲ. ಹಾಗಾಗಿ ಏನು ಮಾಡಲು ಆಗುತ್ತಿಲ್ಲ ಅನ್ನುವುದು ಗೊತ್ತೇ ಆಗುವುದಿಲ್ಲ. ಒಂಟಿಯಾಗಿ ಇರುವವರ ತೊಂದರೆ ಬೇಗ ಬಯಲಾಗಬಹುದು. ತುಂಬಿದ ಮನೆಯಲ್ಲಿ ಅದು ತಡ.

ಇನ್ನು ನಮ್ಮ ಗಾದೆ ಇದೆಯಲ್ಲ, ಅರವತ್ತಕ್ಕೆ ಅರಳು ಮರಳು. ಕನ್ನಡ ಮೇಷ್ಟ್ರಾಗಿ ಆ ಮಾತಿನ ಸೊಗಸು ನನಗೆ ಗೊತ್ತು. ಸೊಸೆಯಾಗಿ ಅದರ ಮೇಲೆ ಕೋಪ ಇದೆ. "ಅರಳು ಮರಳು" ಅಂದ ತಕ್ಷಣ ಪ್ರಶ್ನೆ ಮುಗಿದು ಹೋಗುತ್ತದೆ. ಕೆಮ್ಮು ಬಂದರೆ ಯಾಕೆ ಅಂತ ಕೇಳುತ್ತೇವೆ. ಮರೆವು ಬಂದರೆ ವಯಸ್ಸು ಎಷ್ಟು ಅಂತ ಕೇಳುತ್ತೇವೆ. ನಾವು ಮೊದಲು ಹೋದ ಡಾಕ್ಟರೂ ಅದನ್ನೇ ಕೇಳಿದರು. "71 ಆ? ಸಹಜ ಅಮ್ಮ" ಅಂದು ಒಂದು ಬಿ-ಕಾಂಪ್ಲೆಕ್ಸ್ ಬರೆದು ಕಳಿಸಿದರು. ಸರಿಯಾದ ತಪಾಸಣೆ ಆಗಿದ್ದು 2012ರಲ್ಲಿ. ರಂಗೋಲಿ ನಿಂತ ಬೆಳಿಗ್ಗೆಯಿಂದ ಲೆಕ್ಕ ಹಾಕಿದರೆ ಮೂರು ವರ್ಷದ ಮೇಲಾಗಿತ್ತು.

ಆ ಮೂರು ವರ್ಷದಲ್ಲಿ ಒಂದು ಅನ್ಯಾಯ ನಡೆಯಿತು. ಅತ್ತೆಯ ಒಂದು ಚಿನ್ನದ ಬಳೆ ಕಾಣೆಯಾಯಿತು. "ಕೆಲಸದವಳೇ ತಗೊಂಡಿರೋದು, ನಾನೇ ಕಣ್ಣಾರೆ ನೋಡ್ದೆ" ಅಂದರು. ಅವರು ಸುಳ್ಳು ಹೇಳುವವರೇ ಅಲ್ಲ. 12 ವರ್ಷ ನಮ್ಮ ಮನೆಯಲ್ಲಿ ದುಡಿದ ಹೆಂಗಸನ್ನು ಬಿಡಿಸಿಬಿಟ್ಟೆವು. ಬಳೆ ಸಿಕ್ಕಿದ್ದು ಅವಲಕ್ಕಿ ಡಬ್ಬದಲ್ಲಿ, ಐದು ತಿಂಗಳ ಮೇಲೆ. ಇಟ್ಟದ್ದು ಮರೆತು ಹೋಗುವುದು, ಆ ಖಾಲಿ ಜಾಗವನ್ನು ಅನುಮಾನ ತುಂಬುವುದು ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯ ಅಂತ ಆಮೇಲೆ ತಿಳಿಯಿತು. ಆಕೆಯ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಕಾಫಿ ಕೊಟ್ಟಳು. ಮತ್ತೆ ಕೆಲಸಕ್ಕೆ ಬರಲಿಲ್ಲ.

ಹಾಗಾದರೆ ಯಾವ ಮರೆವಿಗೆ ಹೆದರಬೇಕು? ಕನ್ನಡಕ ಎಲ್ಲಿಟ್ಟೆ, ಮದುವೆ ಮನೆಯಲ್ಲಿ ಎದುರಾದವರ ಹೆಸರೇನು, ಇದೆಲ್ಲ ಈ ಸಭೆಯಲ್ಲಿ ಕೂತಿರುವ ಎಲ್ಲರಿಗೂ ಆಗುತ್ತದೆ, ನನಗಂತೂ ದಿನಾ ಆಗುತ್ತದೆ. ನೋಡಬೇಕಾದ್ದು ಬೇರೆ. ಆ ಮನುಷ್ಯ ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ? ಮೂವತ್ತು ವರ್ಷ ಮಾಡಿದ ಹುಳಿಗೆ ಏನು ಹಾಕಬೇಕು ಅನ್ನುವುದೇ ತಪ್ಪುತ್ತಿದೆಯಾ? ಗಾಂಧಿಬಜಾರಿನಿಂದ ಮನೆಗೆ ಬರುವ ದಾರಿ ತಪ್ಪುತ್ತಿದೆಯಾ? ಚೀಟಿ ದುಡ್ಡಿನ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ಚಿಲ್ಲರೆ ಎಣಿಸಲು ತಡಕಾಡುತ್ತಿದ್ದಾರಾ? ದಿನದ ಕೆಲಸಕ್ಕೆ ಪೆಟ್ಟು ಬಿದ್ದಿದ್ದರೆ, ತಿಂಗಳಿಂದ ತಿಂಗಳಿಗೆ ಜಾಸ್ತಿ ಆಗುತ್ತಿದ್ದರೆ, ತೋರಿಸಬೇಕು. ಎಲ್ಲರಲ್ಲೂ ಮೊದಲು ಹೋಗುವುದು ನೆನಪೇ ಅಲ್ಲ. ಕೆಲವರಲ್ಲಿ ಮಾತು, ಕೆಲವರಲ್ಲಿ ಸ್ವಭಾವ.

ತೋರಿಸಬೇಕು ಅನ್ನುವುದಕ್ಕೆ ಒಂದು ಗಟ್ಟಿ ಕಾರಣ ಇದೆ. ಮರೆವೆಲ್ಲ ಡಿಮೆನ್ಷಿಯಾ ಅಲ್ಲ. ಬಿ12 ಕೊರತೆ ಇದ್ದರೂ ಹೀಗಾಗುತ್ತದೆ. ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ಅದೇನೂ ಅಪರೂಪ ಅಲ್ಲ. ಥೈರಾಯ್ಡ್ ಕಡಿಮೆ ಆದರೂ ಆಗುತ್ತದೆ. ಖಿನ್ನತೆ ಇದ್ದರೂ ಆಗುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು, ತಲೆಯೊಳಗೆ ನಿಧಾನಕ್ಕೆ ರಕ್ತ ಸೇರಿಕೊಂಡಿದ್ದರೂ ಆಗುತ್ತದೆ. ಕೆಲವು ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳೂ ಮಂಕು ಕವಿಸುತ್ತವೆ. ಇವಕ್ಕೆಲ್ಲ ದಾರಿ ಇದೆ. ಅರಳು ಮರಳು ಅಂತ ಕೈಬಿಟ್ಟರೆ ಗುಣ ಆಗುವುದನ್ನೂ ಕೈಬಿಟ್ಟ ಹಾಗೆ. ಹೋಗುವಾಗ ತಿನ್ನುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕನ್ನಡಕ, ಕಿವಿ ಮಿಷನ್ ಮರೆಯಬೇಡಿ. ಕೇಳಿಸದೆ ತಪ್ಪು ಉತ್ತರ ಕೊಟ್ಟರೆ ಅದನ್ನೂ ಮರೆವಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಪರೀಕ್ಷೆಯ ಬಗ್ಗೆ ಒಂದು ಮಾತು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಗಡಿಯಾರದ ಚಿತ್ರ ಬರೆಯಿರಿ, ಇವತ್ತು ಎಷ್ಟನೇ ತಾರೀಕು, ಹೀಗೆ ಕೇಳುತ್ತಾರೆ. ಸ್ಕೂಲಿಗೇ ಹೋಗದವರಿಗೆ ಏಳೇಳು ಕಳೆಯಿರಿ ಅಂದರೆ? ನಮ್ಮ ಅತ್ತೆಗೆ ತಾರೀಕು ಯಾವತ್ತೂ ಗೊತ್ತಿರಲಿಲ್ಲ. ಚೆನ್ನಾಗಿದ್ದಾಗಲೂ ಅವರಿಗೆ ಗೊತ್ತಿದ್ದದ್ದು ತಿಥಿ. ಏಕಾದಶಿ ಯಾವತ್ತು ಅಂತ ಕೇಳಿದ್ದರೆ ಕ್ಯಾಲೆಂಡರನ್ನೇ ತಿದ್ದುತ್ತಿದ್ದರು. ಬೇರೆ ಊರಿನ, ಬೇರೆ ಓದಿನ ಜನಕ್ಕೆ ಮಾಡಿದ ಅಳತೆಗೋಲು ಇಲ್ಲಿ ಹೊಂದುವುದಿಲ್ಲ. ಇದು ವಿಜ್ಞಾನಿಗಳಿಗೂ ಗೊತ್ತು. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆ ಕನ್ನಡದಲ್ಲೂ ಇಂಥ ಪರೀಕ್ಷೆಗಳ ಒಂದು ಕಟ್ಟು ಮಾಡಿಸಿತು. ನಮ್ಮ ನಿಮ್ಹಾನ್ಸ್ ಆ ಕೆಲಸದಲ್ಲಿತ್ತು. ಆದರೆ ಅದು ಸರಿಯಾಗಿ ಅಳೆಯುತ್ತದೆ ಅಂತ ಹೇಗೆ ಗೊತ್ತಾಗಬೇಕು? ಕಾಯಿಲೆ ಇರುವ ಕನ್ನಡದವರು, ಇಲ್ಲದ ಕನ್ನಡದವರು, ಇಬ್ಬರೂ ಕೂತು ಉತ್ತರ ಕೊಡಬೇಕು. ಹಾಗೆ ಯಾರೋ ಕೂತಿದ್ದರಿಂದಲೇ ಈಗ ನಿಮ್ಮ ತಾಯಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಬಹುದು.

ಈಗ ಸಂಶೋಧನೆ ವಿಷಯ. ಸ್ವಲ್ಪ ಲೆಕ್ಕ ಹೇಳುತ್ತೇನೆ, ಆಮೇಲೆ ಲೆಕ್ಕದ ತಂಟೆಗೆ ಹೋಗುವುದಿಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಜಗತ್ತಿನಲ್ಲಿ ಈ ಕಾಯಿಲೆ ಇರುವ ನಾಲ್ವರಲ್ಲಿ ಮೂವರಿಗೆ ಅದರ ಹೆಸರೇ ಗೊತ್ತಾಗಿಲ್ಲ ಅಂತ 2021ರ ವಿಶ್ವ ಆಲ್ಝೈಮರ್ ವರದಿಯ ಅಂದಾಜು. ಆಲ್ಝೈಮರ್ ಅಂದರೆ ಡಿಮೆನ್ಷಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬಗೆ. ಬಡ ದೇಶಗಳಲ್ಲಿ ಇದು ನೂರಕ್ಕೆ 90ರವರೆಗೂ ಹೋಗುತ್ತದಂತೆ. ಹೆಸರೇ ಗೊತ್ತಿಲ್ಲದವರು ಸಂಶೋಧನೆಗೆ ಹೇಗೆ ಬರುತ್ತಾರೆ? ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಕಾಲ ಮೀರುವುದು ಅಂದರೆ ಏನು ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಆಲ್ಝೈಮರ್‌ಗೆ ಲೆಕಾನೆಮ್ಯಾಬ್ ಅಂತ ಒಂದು ಔಷಧಿ. 2023ರಲ್ಲಿ ಅಮೆರಿಕದಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು. ಅದರ ದೊಡ್ಡ ಪ್ರಯೋಗದಲ್ಲಿ 1,795 ಜನ ಇದ್ದರು. 18 ತಿಂಗಳಲ್ಲಿ ಔಷಧಿ ಸಿಕ್ಕವರ ನೆನಪು, ದಿನದ ಕೆಲಸದ ಶಕ್ತಿಯ ಇಳಿತ, ಔಷಧಿ ಇಲ್ಲದವರಿಗೆ ಹೋಲಿಸಿದರೆ, ನೂರಕ್ಕೆ 27ರಷ್ಟು ನಿಧಾನವಾಯಿತು. ವಾಸಿಯಾಗಲಿಲ್ಲ. ನಿಧಾನವಾಯಿತು ಅಷ್ಟೇ. ಕೆಲವರಿಗೆ ಮೆದುಳಲ್ಲಿ ಬಾವು, ರಕ್ತ ಒಸರುವುದು ಇಂಥ ತೊಂದರೆಗಳೂ ಆದವು. ಇದನ್ನು ಸಂಜೀವಿನಿ ಅಂತ ಮಾರುವವರನ್ನು ನಂಬಬೇಡಿ. ಆದರೆ ಒಂದು ವಿಷಯ ಗಮನಿಸಿ. ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಕಾಯಿಲೆಯ ಮೊದಲ ಹಂತದಲ್ಲಿ ಇದ್ದವರನ್ನು ಮಾತ್ರ. ಮುಂದಿನ ಹಂತಕ್ಕೆ ಜಾರಿದವರಿಗೆ ಬಾಗಿಲು ಮುಚ್ಚಿತ್ತು. ವರ್ಷಗಟ್ಟಲೆ ರಂಗೋಲಿ ಪೂರ್ತಿ ಮಾಡುತ್ತಾ ಕೂತ ಮನೆಯವರು ಅಂಥ ಬಾಗಿಲಿಗೆ ಬರುವುದು ಮುಚ್ಚಿದ ಮೇಲೇ.

ಸಂಶೋಧನೆ ಅಂದರೆ ಔಷಧಿ ಚುಚ್ಚುವುದು ಅಂತಲೇ ನಮ್ಮ ತಲೆಯಲ್ಲಿ. "ನಾವೇನು ಇಲಿಗಳಾ?" ಅಂತ ನಮ್ಮ ಮನೆಯವರೇ ಕೇಳಿದ್ದರು. ಬಹಳಷ್ಟು ಕೆಲಸ ಬರೀ ಮಾತು, ಪರೀಕ್ಷೆ, ರಕ್ತ, ಸ್ಕ್ಯಾನ್. ಇಲ್ಲೇ ಐಐಎಸ್‌ಸಿ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರ ಇದೆ. ಅವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ನೋಡುತ್ತಾ ಹೋಗುವ ಗುರಿ ಇಟ್ಟುಕೊಂಡಿದ್ದಾರೆ. ಬೆಂಗಳೂರಿನವರಿಗೆ ಬೇರೆ ಅಧ್ಯಯನ ಇದೆ. ಶ್ರೀನಿವಾಸಪುರ ಅಂದರೆ ನಮಗೆ ಗೊತ್ತಿರೋದು ಮಾವಿನ ಹಣ್ಣು. ಇನ್ನು ಮುಂದೆ ಬಾದಾಮಿ ಹಣ್ಣು ಕೊಯ್ಯುವಾಗ ಇದನ್ನೂ ನೆನೆಸಿಕೊಳ್ಳಿ. ಕಾಯಿಲೆ ಮೆದುಳಲ್ಲಿ ಶುರುವಾಗಿ ಹೊರಗೆ ಕಾಣುವ ಹೊತ್ತಿಗೆ ಹದಿನೈದು ಇಪ್ಪತ್ತು ವರ್ಷ ಆಗಿರುತ್ತದೆ. ಹಾಗಾಗಿ ಚೆನ್ನಾಗಿರುವವರನ್ನೇ ನೋಡುತ್ತಾ ಹೋಗಬೇಕು.

ಇನ್ನೊಂದು ಕಥೆ ನನಗೆ ತುಂಬ ಇಷ್ಟ. ಡಾ. ಸುವರ್ಣಾ ಅಲ್ಲಾಡಿ ಈಗ ನಿಮ್ಹಾನ್ಸ್‌ನಲ್ಲಿದ್ದಾರೆ. ಮೊದಲು ಹೈದರಾಬಾದಿನಲ್ಲಿದ್ದರು. ಅಲ್ಲಿ ಡಿಮೆನ್ಷಿಯಾ ಇದ್ದ 648 ಜನರನ್ನು ಅವರ ತಂಡ ನೋಡಿತು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಅಕ್ಷರ ಬಾರದವರಲ್ಲೂ ಹಾಗೇ ಕಂಡಿತು. 2013ರಲ್ಲಿ ಪ್ರಕಟವಾಯಿತು. ಬೇರೆ ಕಡೆಯ ಅಧ್ಯಯನಗಳಲ್ಲಿ ಎರಡು ಭಾಷೆಯವರು ಬಹಳಷ್ಟು ಸಲ ವಲಸೆ ಬಂದವರು. ಫರಕು ಭಾಷೆಯಿಂದಲೋ ವಲಸೆಯಿಂದಲೋ ಹೇಳುವುದು ಕಷ್ಟ. ಇಲ್ಲಿ ಹುಟ್ಟಿದ ಊರಲ್ಲೇ ಮೂರು ಭಾಷೆ. ನಮ್ಮ ಬೀದಿಯ ತರಕಾರಿಯವನು ಕನ್ನಡದಲ್ಲಿ ಕೂಗಿ, ತಮಿಳಲ್ಲಿ ಚೌಕಾಸಿ ಮಾಡಿ, ತೆಲುಗಲ್ಲಿ ಬೈಯುತ್ತಾನೆ, ಅಲ್ವಾ? ನಮ್ಮ ಜನ ಒಪ್ಪಿ ಕೂತಿದ್ದರಿಂದಲೇ ಅದು ಹೊರಬಂತು.

ಈಗ ಎಥಿಕ್ಸ್ ಕಮಿಟಿ. ಮನುಷ್ಯರ ಮೇಲೆ ಯಾವುದೇ ಔಷಧಿ ಪ್ರಯೋಗ ಮಾಡಬೇಕಾದರೆ ಇಂಥ ಕಮಿಟಿ ಒಪ್ಪಬೇಕು. 2019ರ ನಿಯಮಗಳ ಪ್ರಕಾರ ಅದರಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು. ಒಬ್ಬರು ಡಾಕ್ಟರೂ ಅಲ್ಲದ, ವಕೀಲರೂ ಅಲ್ಲದ, ನನ್ನಂಥ ಸಾಮಾನ್ಯ ಮನುಷ್ಯ ಇರಲೇಬೇಕು. ಆ ಒಬ್ಬರು ಬರದಿದ್ದರೆ ಸಭೆಗೆ ಕೋರಂ ಇಲ್ಲ. ನಮ್ಮ ಮನೆಯಲ್ಲಿ ಇಷ್ಟು ಬೆಲೆ ನನಗೆ ಯಾವತ್ತೂ ಸಿಕ್ಕಿಲ್ಲ.

ನನ್ನ ಕೆಲಸ ಒಪ್ಪಿಗೆ ಪತ್ರ ಓದುವುದು. ಮೊದಲ ಸಭೆಯಲ್ಲಿ ನನ್ನ ಕೈಗೆ ಬಂದ ಕನ್ನಡ ಪತ್ರದಲ್ಲಿ "ತಮ್ಮನ್ನು ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಅಂತ ಇತ್ತು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮೂರು ದಶಕ ಪಾಠ ಮಾಡಿದ ನನಗೇ ಒಂದು ನಿಮಿಷ ಬೇಕಾಯಿತು. ಇಂಗ್ಲಿಷ್ ಪದಕ್ಕೆ ನಿಘಂಟಿನಿಂದ ಎತ್ತಿ ಇಟ್ಟ ಪದ. "ಚೀಟಿ ಎತ್ತಿದ ಹಾಗೆ, ನಿಮಗೆ ಯಾವ ಮಾತ್ರೆ ಬರುತ್ತದೆ ಅಂತ ಮೊದಲೇ ಯಾರೂ ತೀರ್ಮಾನ ಮಾಡುವುದಿಲ್ಲ" ಅಂತ ಬರೆಯಿರಿ ಅಂದೆ. ಔಷಧಿ ಇಲ್ಲದ ಮಾತ್ರೆಗೆ ಏನು ಹೇಳೋದು ಅಂತ ಅರ್ಧ ಗಂಟೆ ಚರ್ಚೆ ಆಯಿತು. ಕೊನೆಗೆ "ನೋಡಲು ಹಾಗೇ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ" ಅಂತಲೇ ಆಯಿತು. ಉದ್ದ ಆಯಿತು, ಆಗಲಿ. ಅರ್ಥವಾಗದ್ದಕ್ಕೆ ಕೊಟ್ಟ ಒಪ್ಪಿಗೆ ಒಪ್ಪಿಗೆ ಹೇಗಾಗುತ್ತದೆ?

ಯಾರಾದರೂ ನಿಮ್ಮನ್ನು ಅಧ್ಯಯನಕ್ಕೆ ಕರೆದರೆ ಪತ್ರ ಮನೆಗೆ ತಗೊಂಡು ಹೋಗಿ ಓದಿ. ಇದು ಚಿಕಿತ್ಸೆಯೋ, ಅಧ್ಯಯನವೋ ಅಂತ ನೇರವಾಗಿ ಕೇಳಿ, ಎರಡೂ ಒಂದೇ ಅಲ್ಲ. ಬೇಡ ಅನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದಕ್ಕೆ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಔಷಧಿ ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಅವರದ್ದು. ಪ್ರಯೋಗ ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ಇದೆಯಾ ಅಂತ ಮೊಮ್ಮಕ್ಕಳ ಕೈಲಿ ಹುಡುಕಿಸಿ. 2009ರಿಂದ ಅಲ್ಲಿ ದಾಖಲಿಸುವುದು ಕಡ್ಡಾಯ.

ಡಿಮೆನ್ಷಿಯಾದಲ್ಲಿ ಇದಕ್ಕೊಂದು ಕಗ್ಗಂಟು ಇದೆ. ಒಪ್ಪಿಗೆ ಕೊಡುವ ಶಕ್ತಿಯನ್ನೇ ಈ ಕಾಯಿಲೆ ತಿನ್ನುತ್ತದೆ. ಆಗ ಮನೆಯವರು ಸಹಿ ಹಾಕುತ್ತಾರೆ. ಕಾನೂನು ಅದನ್ನು ಒಪ್ಪುತ್ತದೆ. ಆದರೂ ಆ ವ್ಯಕ್ತಿಗೆ ಅರ್ಥವಾಗುವಷ್ಟು ಹೇಳಿ ಅವರ ಇಷ್ಟವನ್ನೂ ಕೇಳಬೇಕು, ಮುಖ ತಿರುಗಿಸಿದರೆ ಅದಕ್ಕೂ ಬೆಲೆ ಕೊಡಬೇಕು.

ಆಲ್ಝೈಮರ್ ಅನ್ನುವುದು ಒಬ್ಬ ಜರ್ಮನ್ ಡಾಕ್ಟರ ಹೆಸರು. 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅವರು ನೋಡಿದ ಹೆಂಗಸಿನ ಹೆಸರು ಆಗುಸ್ಟೆ. ವಯಸ್ಸು 51. ನಿಮ್ಮ ಹೆಸರು ಬರೆಯಿರಿ ಅಂದರೆ "ಶ್ರೀಮತಿ" ಅಂತ ಬರೆದು ನಿಲ್ಲಿಸುತ್ತಿದ್ದಳು. ಮುಂದಿನದು ಮರೆತು ಹೋಗುತ್ತಿತ್ತು. ಈ ಕಾಯಿಲೆಯ ಚರಿತ್ರೆಯ ಮೊದಲ ಪುಟದಲ್ಲೇ ಸಹಿ ಹಾಕಲಾಗದ ಒಬ್ಬ ಹೆಂಗಸು ಇದ್ದಾಳೆ. ಅದನ್ನು ಓದಿದಾಗ ನನಗೆ ನಮ್ಮ ಬಾಗಿಲ ಅರ್ಧ ಎಳೆ ಕಣ್ಣಿಗೆ ಬಂತು.

ಅತ್ತೆಯ ತಪಾಸಣೆ ಆದಾಗ ಡಾಕ್ಟರು ಎಲ್ಲ ಪ್ರಶ್ನೆಯನ್ನೂ ನನ್ನನ್ನೇ ಕೇಳಿದರು. "ಅಜ್ಜಿಗೆ ನಿದ್ದೆ ಬರುತ್ತಾ?" ಅಜ್ಜಿ ಅಲ್ಲೇ ಪಕ್ಕದಲ್ಲಿ ಕೂತಿದ್ದಾರೆ. ಹೊರಗೆ ಬಂದ ಮೇಲೆ ನಮ್ಮ ಮನೆಯವರು, "ಅಮ್ಮಂಗೆ ಏನೂ ಹೇಳೋದು ಬೇಡ" ಅಂದರು. ಹೇಳಲಿಲ್ಲ. ಮುಂದೆ ಒಂದು ಅಧ್ಯಯನದವರು ಕೇಳಿದರು, ನಾವು ಸಹಿ ಹಾಕಿದೆವು. ಅತ್ತೆಯ ರಕ್ತ, ಅತ್ತೆಯ ಸ್ಕ್ಯಾನ್. ಸಹಿ ಮಗನದ್ದು. ಮನೆ ಪತ್ರದ ವಿಷಯದಲ್ಲೂ ಹಾಗೇ ಆಯಿತು. ತಮ್ಮ ಓಲೆ ಯಾವ ಮೊಮ್ಮಗಳಿಗೆ ಅಂತ ಕೂಡ ಅವರ ಬಾಯಿಂದ ಬರಲಿಲ್ಲ. 2009ರಲ್ಲಿ ಕೇಳಿದ್ದರೆ ಅವರು ಹೇಳುತ್ತಿದ್ದರು. ಒಂದು ಮಾತು ಜಾಸ್ತಿಯೇ ಹೇಳುತ್ತಿದ್ದರು, ಅವರ ಸ್ವಭಾವವೇ ಹಾಗೆ.

"ವಾಸಿಯಾಗದ ಕಾಯಿಲೆ, ಬೇಗ ತಿಳ್ಕೊಂಡು ಏನು ಲಾಭ?" ಅಂತ ಜನ ಕೇಳುತ್ತಾರೆ. ಮಾತ್ರೆಗಳು ಕೆಲವರಿಗೆ ಕೆಲ ಕಾಲ ಸ್ವಲ್ಪ ಅನುಕೂಲ ಮಾಡುತ್ತವೆ, ಅದು ನಿಜ. ನನಗೆ ಅದಕ್ಕಿಂತ ದೊಡ್ಡದು ಇದು: ಅವರು ಇನ್ನೂ ಮಾತಾಡಬಲ್ಲ ಹೊತ್ತಿನಲ್ಲಿ ಅವರನ್ನೇ ಕೇಳಬಹುದು. ದುಡ್ಡು ಯಾರು ನೋಡಿಕೊಳ್ಳಬೇಕು, ಎಲ್ಲಿ ಇರಬೇಕು, ಸಂಶೋಧನೆಗೆ ಸೇರಲು ಇಷ್ಟ ಇದೆಯಾ, ತೀರಿಕೊಂಡ ಮೇಲೆ ಮೆದುಳು ದಾನ ಮಾಡಬಹುದಾ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಾಗಂತ ಚೆನ್ನಾಗಿರುವವರೆಲ್ಲ ನಾಳೆಯೇ ಹೋಗಿ "ಮೆಮೊರಿ ಪ್ಯಾಕೇಜ್" ಮಾಡಿಸಿ ಅನ್ನುತ್ತಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆಲ್ಝೈಮರ್ಸ್‌ಗೆ ಒಂದು ರಕ್ತ ಪರೀಕ್ಷೆಗೆ ಅನುಮತಿ ಸಿಕ್ಕಿತು. ಅದೂ ಲಕ್ಷಣ ಇರುವವರಿಗೆ ಮಾತ್ರ. ಬಿಪಿ, ಸಕ್ಕರೆ, ಕಿವಿ, ಕಣ್ಣು ಸರಿ ನೋಡಿಕೊಳ್ಳಿ, ಆ ದುಡ್ಡು ಅದಕ್ಕೆ ಖರ್ಚು ಮಾಡಿ. ಬದಲಾವಣೆ ಕಂಡ ದಿನ ಮುಚ್ಚಿಡದೆ ಹೋಗಿ. ಎಲ್ಲಿಗೆ ಅಂತ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ, ಮನಸ್ಸಿನ ವಿಷಯಕ್ಕೆ ಟೆಲಿಮಾನಸ್ 14416 ಇದೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದರು. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಬ್ರಿಟನ್ನಿನಲ್ಲಿರುವ ಮಗಳು ಅಲ್ಲಿಯ ಒಂದು ಪಟ್ಟಿಯ ಬಗ್ಗೆ ಹೇಳಿದ್ದಳಂತೆ. ಹೌದು, 2015ರಿಂದ ಅಲ್ಲಿ ಇದೆ. 18 ದಾಟಿದ ಯಾರು ಬೇಕಾದರೂ, ಕಾಯಿಲೆ ಇರಲಿ ಇಲ್ಲದಿರಲಿ, ಡಿಮೆನ್ಷಿಯಾ ಅಧ್ಯಯನಗಳಿಗೆ ನಾನು ಸಿದ್ಧ ಅಂತ ಹೆಸರು ಬರೆಸಬಹುದು. "ನಂಗೇನೂ ಇಲ್ಲ ಮೇಡಂ. ನಾನೂ ಇಲ್ಲಿ ಯಾವುದಾದ್ರೂ ಅಧ್ಯಯನಕ್ಕೆ ಸೇರಬಹುದಾ?" ಅಂದರು.

ಸೇರಬಹುದು, ಆದರೆ ಸಾಮಾನ್ಯವಾಗಿ ನಿಮ್ಮನ್ನು ಚೆನ್ನಾಗಿ ಬಲ್ಲವರು ಒಬ್ಬರು ಜೊತೆಗೆ ಬರಬೇಕಾಗುತ್ತದೆ, ಅವರನ್ನೂ ಪ್ರಶ್ನೆ ಕೇಳುತ್ತಾರೆ ಅಂದೆ.

"ಅದಕ್ಕೇನು, ಇವಳು ಬರ್ತಾಳೆ" ಅಂತ ಪಕ್ಕಕ್ಕೆ ಕೈ ತೋರಿಸಿದರು.

ಆಕೆ ಕೂತಲ್ಲಿಂದಲೇ, "ನನ್ನ ಕೇಳಿದ್ರಾ?" ಅಂದರು.